ಮಲೆನಾಡ ಮನೆ ಹಿತ್ತಲು: ವರ್ಷವಿಡೀ ಯಾವಾಗ ಏನು ಮಾಡ್ಬೇಕು

ಮಲೆನಾಡಲ್ಲಿ ಹಿತ್ತಲು ನೋಡ್ಕೊಳ್ಳೋದು ಅಂದ್ರೆ ಮುಕ್ಕಾಲು ಪಾಲು ನೀರು ನೋಡ್ಕೊಳ್ಳೋದೇ. ಜೂನಿಂದ ಸೆಪ್ಟೆಂಬರ್ ತನಕ ಸಾಕಪ್ಪಾ ಅಂದ್ರೂ ಬಿಡದೆ ಸುರಿಯುತ್ತೆ, ಅದೇ ಮಾರ್ಚ್ ಏಪ್ರಿಲ್ ಬಂತು ಅಂದ್ರೆ ಬಾವಿ ತಳ ಕಾಣುತ್ತೆ, ಕರಿಬೇವಿನ ಗಿಡನೂ ಬಾಡಿ ನಿಂತಿರುತ್ತೆ. ಹಾಗಾಗಿ ಬಯಲುಸೀಮೆಯವರೋ ಬೆಂಗಳೂರಿನ ಟೆರೇಸ್ ಗಾರ್ಡನ್‌ನವರೋ ಮಾಡಿರೋ ವಿಡಿಯೋ ನೋಡ್ಕೊಂಡು ಅದನ್ನೇ ಇಲ್ಲಿ ಮಾಡೋಕೆ ಹೋದ್ರೆ ಆಗಲ್ಲ, ಅವರ ಮಣ್ಣೇ ಬೇರೆ ಮಳೆನೇ ಬೇರೆ. ನಾನು ಬರೀತಿರೋದು ಸಾಗರ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರ, ಶಿರಸಿ ಈ ಕಡೆ ಮನೆ ಹಿಂದೆ ಒಂದೋ ಎರಡೋ ಗುಂಟೆ ಜಾಗ ಇರೋರಿಗೆ. ಅಡಿಕೆ ತೋಟದ ಕಥೆ ಅಲ್ಲ, ಮನೆ ಹಿತ್ತಲಿಂದು ಮಾತ್ರ.

ಇನ್ನೊಂದು ಮಾತು ಮೊದಲೇ ಹೇಳ್ಬಿಡ್ತೀನಿ. ಮನೆಮಂದಿ ಕಾಲಿಡದ ಹಿತ್ತಲು ಎರಡೇ ಮಳೆಗಾಲಕ್ಕೆ ಹಾಳು ಬೀಳುತ್ತೆ. ಮುಸುರೆ ಚೆಲ್ಲೋಕೆ, ಬಟ್ಟೆ ಒಣಹಾಕೋಕೆ ಬಿಟ್ರೆ ಯಾರೂ ಹೋಗ್ತಿಲ್ಲ ಅಂದ್ರೆ ಅಲ್ಲಿ ಏನು ಸತ್ತಿದೆ, ಏನು ಚಿಗುರಿದೆ, ಯಾವ ಮೂಲೆಲಿ ನೀರು ನಿಂತಿದೆ ಯಾರಿಗೂ ಗೊತ್ತಾಗಲ್ಲ. ಅದಕ್ಕೆ ಪ್ರತಿ ಕಾಲಕ್ಕೂ ಕೆಲಸ ಒಂದು ಕಡೆ ಹೇಳ್ತೀನಿ, ಆ ಕಾಲದಲ್ಲಿ ಹಿತ್ತಲಿಂದ ಸಿಗೋ ಸುಖ ಏನು ಅಂತಾನೂ ಜೊತೆಗೇ ಹೇಳ್ತೀನಿ. ಎರಡನೇದನ್ನ ಬಿಟ್ರೆ ಮೊದಲನೇದು ಜಾಸ್ತಿ ದಿನ ನಡೆಯಲ್ಲ.

ಮೊದಲನೇ ಕೆಲಸ: ಜಾಗ ನೋಡ್ಕೊಳ್ಳಿ

ಗಿಡ ತರೋಕೆ ಮುಂಚೆ ಒಂದು ಜೋರು ಮಳೆಲಿ ಕೊಡೆ ಹಿಡ್ಕೊಂಡು ಹಿತ್ತಲಿಗೆ ಹೋಗಿ ನಿಂತು ನೋಡಿ. ಮಾಡಿನ ನೀರು ಎಲ್ಲಿ ಬೀಳುತ್ತೆ, ಅಲ್ಲಿಂದ ಎಲ್ಲಿಗೆ ಹರಿಯುತ್ತೆ, ಎಲ್ಲಿ ನಿಲ್ಲುತ್ತೆ. ಸಾವಿರ ಚದರಡಿ ಮಾಡಿನ ಮೇಲೆ 1 ಸೆಂಟಿಮೀಟರ್ ಮಳೆ ಬಿದ್ರೆ ಸುಮಾರು 900 ಲೀಟರ್ ನೀರು ಕೆಳಗೆ ಇಳಿಯುತ್ತೆ, ನಮ್ಮ ಕಡೆ ಒಂದೇ ದಿನಕ್ಕೆ ಅದರ ಹತ್ತು ಪಟ್ಟು ಬೀಳೋ ದಿನಗಳೂ ಇರ್ತವೆ. ಆ ನೀರಿಗೆ ದಾರಿ ಮಾಡ್ಕೊಡದೆ ಏನು ನೆಟ್ರೂ ಮಣ್ಣಿನ ಜೊತೆ ತೊಳೆದು ಹೋಗುತ್ತೆ.

ಬಹಳ ಮನೆಗಳ ಹಿಂದೆ ಧರೆ, ಅಂದ್ರೆ ನೆಟ್ಟಗೆ ನಿಂತ ಮಣ್ಣಿನ ಗೋಡೆ ಇರುತ್ತೆ, ಗುಡ್ಡ ಕಡಿದು ಮನೆ ಕಟ್ಟಿರ್ತಾರಲ್ಲ. ಇದನ್ನ ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಧರೆ ಬುಡ ಕೆರೆದು ಇನ್ನೂ ಎರಡಡಿ ಜಾಗ ಮಾಡ್ಕೊಳ್ಳೋಣ ಅಂತ ಹೋಗ್ಬೇಡಿ. ಧರೆ ಮೇಲ್ಗಡೆ ಇಂಗುಗುಂಡಿ ತೆಗೀಬೇಡಿ, ಅಲ್ಲಿ ನೀರು ಇಂಗಿಸಿದ್ರೆ ಮಣ್ಣು ನೀರು ಕುಡಿದು ಭಾರ ಆಗಿ ಜರಿಯುತ್ತೆ. ಮೇಲಿಂದ ಬರೋ ನೀರನ್ನ ಅಡ್ಡಕ್ಕೆ ಒಂದು ಕಾಲುವೆ ತೆಗೆದು ಪಕ್ಕಕ್ಕೆ ತಿರುಗಿಸಿ. ಧರೆ ಮೈಗೆ ಲಾವಂಚ ಸಾಲಾಗಿ ನೆಡಿ, ಅದರ ಬೇರು ನೇರ ಕೆಳಗಿಳಿದು ಮಣ್ಣು ಹಿಡ್ಕೊಳ್ಳುತ್ತೆ. ಧರೆಲಿ ಬಿರುಕು ಕಂಡ್ರೆ, ಮರ ವಾಲಿದ್ರೆ, ಇದ್ದಕ್ಕಿದ್ದ ಹಾಗೆ ಕೆಸರು ನೀರು ಒಸರೋಕೆ ಶುರುವಾದ್ರೆ ಆ ಕಡೆ ಕೋಣೆಲಿ ಮಲಗೋದು ಬಿಟ್ಟು ಪಂಚಾಯ್ತಿಗೆ ತಿಳಿಸಿ.

ಆಮೇಲೆ ಬಿಸಿಲು. ತರಕಾರಿಗೆ ದಿನಕ್ಕೆ 5-6 ಗಂಟೆ ಬಿಸಿಲು ಬೇಕೇ ಬೇಕು. ಮರದ ನೆರಳಿರೋ ಕಡೆ ಅರಿಶಿನ, ಮಾವಿನಶುಂಠಿ, ಕೆಸು, ಸುವರ್ಣಗೆಡ್ಡೆ ಇವನ್ನ ಹಾಕಿ, ಇವಕ್ಕೆ ಅರ್ಧ ನೆರಳು ನಡೆಯುತ್ತೆ, ಮಂಗನೂ ಅಷ್ಟಾಗಿ ಮುಟ್ಟಲ್ಲ. ಬಚ್ಚಲ ನೀರು ಹೋಗೋ ಕಡೆ ಬಾಳೆ. ಪಾತ್ರೆ ತೊಳೆಯೋ ಕಲ್ಲಿನ ಹತ್ರ ಒಂದೆಲಗ, ತಾನೇ ಹಬ್ಕೊಳ್ಳುತ್ತೆ. ಆದ್ರೆ ಸೋಪಿನ ನೊರೆ ನೇರ ಬೀಳೋ ಕಡೆ ಬೇಡ, ಅದನ್ನ ಹಸಿ ತಂಬ್ಳಿ ಮಾಡಿ ತಿನ್ನೋದಲ್ವಾ. ಅಡುಗೆಮನೆ ಬಾಗಿಲಿಂದ ಹತ್ತು ಹೆಜ್ಜೆ ಒಳಗೆ ಕರಿಬೇವು, ದೊಡ್ಡಪತ್ರೆ, ಚಕ್ರಮುನಿ, ಮೆಣಸಿನ ಗಿಡ ಇರ್ಲಿ, ಒಗ್ಗರಣೆಗೆ ಎಣ್ಣೆ ಇಟ್ಟು ಓಡಿಹೋಗಿ ಕಿತ್ಕೊಂಡು ಬರೋ ಅಷ್ಟು ಹತ್ರ.

ಕೂರೋ ಜಾಗ ಕೂಡ ಈಗಲೇ ಗುರುತು ಮಾಡಿ. ಹಿಂದಿನ ಬಾಗಿಲ ಹತ್ರ ಮಾಡಿನ ಕೆಳಗೆ ಒಂದು ಕಟ್ಟೆ, ಇನ್ನೊಂದು ಯಾವುದಾದ್ರೂ ಮರದ ಕೆಳಗೆ ಎರಡು ಕಲ್ಲು ಚಪ್ಪಡಿ. ಮೊದಲನೇದು ಮಳೆಗಾಲಕ್ಕೆ, ಎರಡನೇದು ಉಳಿದ ಎಂಟು ತಿಂಗಳಿಗೆ. ಪ್ಲಾಸ್ಟಿಕ್ ಕುರ್ಚಿ ತಂದಿಟ್ರೆ ಒಳಗೆ ಹೊರಗೆ ಮಾಡೋದ್ರಲ್ಲೇ ಬೇಜಾರಾಗಿ ಕೂರೋದು ನಿಂತು ಹೋಗುತ್ತೆ, ಕಲ್ಲಾದ್ರೆ ಅಲ್ಲೇ ಇರುತ್ತೆ.

ಭರಣಿಯಿಂದ ರೋಹಿಣಿ ತನಕ (ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರ)

ವರ್ಷದ ಲೆಕ್ಕ ಇಲ್ಲಿಂದ ಶುರು. ಒಂದೊಂದು ಮಳೆ ನಕ್ಷತ್ರ ಸುಮಾರು 13-14 ದಿನ. ಭರಣಿ ಏಪ್ರಿಲ್ ಕೊನೇ ವಾರ, ಆಮೇಲೆ ಕೃತ್ತಿಕೆ, ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 7-8ಕ್ಕೆ ಮೃಗಶಿರ. ಈಗ ಮಳೆ ಹೇಳಿದ ಹಾಗೆ ಬರಲ್ಲ ನಿಜ, ಆದ್ರೂ ಕೆಲಸ ಜೋಡಿಸ್ಕೊಳ್ಳೋಕೆ ಈ ಲೆಕ್ಕದಷ್ಟು ಅನುಕೂಲ ಇನ್ಯಾವುದೂ ಇಲ್ಲ, ಹಿರಿಯರು ಮನೆಲಿದ್ರೆ ಬಾಯಲ್ಲೇ ಹೇಳ್ತಾರೆ.

ಮೊದಲು ಸುಣ್ಣ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ ಮಣ್ಣು, ಮಳೆ ತೊಳೆದು ತೊಳೆದು ಸತ್ವ ಹೋಗಿರುತ್ತೆ. ಭರಣಿ ಮಳೆ ಒಂದು ಹದ ಆದ ಮೇಲೆ ಗುಂಟೆಗೆ 8-10 ಕೆಜಿ ಕೃಷಿ ಸುಣ್ಣ ಅಥವಾ ಡೋಲೋಮೈಟ್ ಎರಚಿ ಮೇಲ್ಮಣ್ಣಲ್ಲಿ ಬೆರೆಸಿ. ಅದಾಗಿ ಎರಡು ವಾರ ಬಿಟ್ಟು ಕೊಟ್ಟಿಗೆ ಗೊಬ್ಬರ ಹಾಕಿ, ಎರಡನ್ನೂ ಒಟ್ಟಿಗೆ ಹಾಕ್ಬೇಡಿ. ಹಂಡೆ ಒಲೆ ಬೂದಿ ಇದ್ರೆ ವರ್ಷವಿಡೀ ಒಂದು ಡಬ್ಬಿಲಿ ಮಳೆ ತಾಗದ ಹಾಗೆ ಕೂಡಿಟ್ಕೊಳ್ಳಿ, ಬಸಳೆ, ಬಾಳೆ, ತೊಂಡೆ ಬುಡಕ್ಕೆ ಒಳ್ಳೇದು. ಒಂದು ಸಲ ಮಣ್ಣು ಪರೀಕ್ಷೆ ಮಾಡಿಸಿದ್ರೆ ಇನ್ನೂ ಒಳ್ಳೇದು, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಎರಡನೇದು ಕಾಲುವೆ. ದರಕು (ಉದುರಿದ ಒಣ ಎಲೆ) ತುಂಬಿ ಮುಚ್ಚಿಹೋಗಿರೋ ಕಾಲುವೆನೆಲ್ಲ ಗುದ್ದಲಿ ಹಾಕಿ ಬಿಡಿಸಿ, ಮಾಡಿನ ದೋಣಿಲಿರೋ ಎಲೆ ತೆಗೀರಿ. ತರಕಾರಿ ಪಟ್ಟೆಗಳನ್ನ ಒಂದಡಿ ಎತ್ತರ ಏರಿ ಮಾಡಿ, ಮಧ್ಯ ಕಾಲುವೆ ಬಿಡಿ, ಮಲೆನಾಡಲ್ಲಿ ಮಳೆಗಾಲಕ್ಕೆ ತಗ್ಗಿನ ಪಾತಿ ಅಂದ್ರೆ ಬೇರು ಕೊಳೆಸೋ ಏರ್ಪಾಡು ಅಷ್ಟೇ. ಓಡಾಡೋ ದಾರಿಗೆ ಅಡಿಕೆ ದಬ್ಬೆ ಹಾಸಿ ಇಲ್ಲಾಂದ್ರೆ ಸೋಗೆ ಹಾಸಿ, ಕೆಸರಲ್ಲಿ ಜಾರಲ್ಲ, ಮಣ್ಣೂ ಕೊಚ್ಚಿ ಹೋಗಲ್ಲ. ಬರಿ ಮಣ್ಣು ಎಲ್ಲೂ ಕಾಣಬಾರದು ಅನ್ನೋದು ಲೆಕ್ಕ.

ಮೂರನೇದು ಬೀಜ ಗಿಡ. ಹೀರೆ, ಪಡವಲ, ಹಾಗಲ, ಮುಳ್ಳುಸೌತೆ, ಬೆಂಡೆ, ಅಲಸಂದೆ ಇವುಗಳ ಬೀಜ ಮೇ ಕೊನೆಗೆ ಬಿದ್ದಿರ್ಬೇಕು, ಮೃಗಶಿರ ಹಿಡಿಯೋ ಹೊತ್ತಿಗೆ ನಾಲ್ಕು ಎಲೆ ಬಂದು ಬೇರು ಊರಿರ್ಬೇಕು. ಜೋರು ಮಳೆ ಹಿಡಿದ ಮೇಲೆ ಹಾಕಿದ ಬೀಜ ಅರ್ಧ ಕೊಳೆಯುತ್ತೆ ಅರ್ಧ ಹುಳ ತಿನ್ನುತ್ತೆ. ಚಪ್ಪರ ಬೀಜ ಹಾಕೋಕೆ ಮುಂಚೆನೇ ಕಟ್ಟಿ, ಬಳ್ಳಿ ಬಂದ ಮೇಲೆ ನೋಡೋಣ ಅಂದ್ರೆ ಬೇರು ತುಳಿದು ಹಾಳಾಗುತ್ತೆ. ಕಂಬಕ್ಕೆ ಗೊಬ್ಬರದ ಗಿಡದ ಗೂಟ ಅಥವಾ ಹಾಲುವಾಣದ ಗೂಟ ಹಾಕಿದ್ರೆ ಅದೇ ಚಿಗುರಿ ಗಟ್ಟಿಯಾಗುತ್ತೆ, ಸೊಪ್ಪು ಸವರಿ ಗೊಬ್ಬರಕ್ಕೂ ಹಾಕ್ಬಹುದು. ಬಸಳೆ ಬಳ್ಳಿ ಒಂದು ಗೇಣು ಉದ್ದ ಕತ್ತರಿಸಿ ಎರಡು ಗೆಣ್ಣು ಮಣ್ಣೊಳಗೆ ಹೋಗೋ ಹಾಗೆ ಊರಿ. ದಾಸವಾಳ, ಚಕ್ರಮುನಿ ಗೂಟಕ್ಕೂ ಈ ರೋಹಿಣಿ ಮಳೆನೇ ಸರಿ.

ಬಾಳೆ ಹಾಕೋದಾದ್ರೆ ಕತ್ತಿ ಅಲುಗಿನ ಹಾಗೆ ಕಿರಿದು ಎಲೆ ಇರೋ ಮರಿ ಆರಿಸಿ, ಅಗಲ ಎಲೆ ಬಿಟ್ಟಿರೋ ಸಣ್ಣ ಮರಿಗೆ ಶಕ್ತಿ ಕಮ್ಮಿ. ಗಿಡದಿಂದ ಗಿಡಕ್ಕೆ 6-7 ಅಡಿ. ಆಮೇಲೆ ಬುಡದಲ್ಲಿ ಹತ್ತು ಮರಿ ಬರ್ತವೆ, ಒಂದನ್ನ ಬಿಟ್ಟು ಉಳಿದದ್ದು ತೆಗೀರಿ, ಪಾಪ ಅಂತ ಬಿಟ್ರೆ ಗೊನೆ ಸಣ್ಣದಾಗುತ್ತೆ.

ಮಾವಿನ ಮರಕ್ಕೋ ಹಲಸಿನ ಮರಕ್ಕೋ ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ರೆ ಮಳೆ ಹಿಡಿಯೋ ಮುಂಚೆ ಒಂದು ಸಲ ಬೋರ್ಡೋ (ಮೈಲುತುತ್ತ ಸುಣ್ಣ ಸೇರಿಸಿದ ದ್ರಾವಣ) ಹೊಡೀಲೇಬೇಕು, ಇಲ್ಲಾಂದ್ರೆ ಸೊರಗು ರೋಗ ಬಂದು ಒಂದೇ ಮಳೆಗಾಲಕ್ಕೆ ಇಡೀ ಬಳ್ಳಿ ಹೋಗುತ್ತೆ. ತೋಟ ಇರೋರಿಗೆ ಗೊತ್ತಿರುತ್ತೆ, ಹಿತ್ತಲಿಗೆ ಮಾತ್ರ ಬೇಕಾದೋರಿಗೆ 10 ಲೀಟರ್ ಲೆಕ್ಕ ಹೇಳ್ತೀನಿ. 100 ಗ್ರಾಂ ಮೈಲುತುತ್ತ 5 ಲೀಟರ್ ನೀರಲ್ಲಿ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ. ಇನ್ನೊಂದು ಬಕೆಟ್‌ನಲ್ಲಿ 100 ಗ್ರಾಂ ಸುಟ್ಟ ಸುಣ್ಣ ಅರಳಿಸಿ 5 ಲೀಟರ್ ಮಾಡಿ, ತಣಿದ ಮೇಲೆ ಸೋಸ್ಕೊಳ್ಳಿ. ತುತ್ತದ ನೀರನ್ನ ನಿಧಾನಕ್ಕೆ ಸುಣ್ಣದ ನೀರಿಗೆ ಹಾಕ್ತಾ ಕೋಲಲ್ಲಿ ತಿರುಗಿಸ್ತಾ ಇರಿ. ಒಂದು ಕಬ್ಬಿಣದ ಚಾಕು ಅದ್ದಿ ಸ್ವಲ್ಪ ಹೊತ್ತು ಬಿಟ್ಟು ನೋಡಿ, ಚಾಕಿನ ಮೇಲೆ ತಾಮ್ರದ ಬಣ್ಣ ಹಿಡಿದ್ರೆ ಸುಣ್ಣ ಸಾಲಿಲ್ಲ ಅಂತ, ಇನ್ನಷ್ಟು ಸುಣ್ಣದ ತಿಳಿ ಹಾಕಿ. ಅವತ್ತು ಮಾಡಿದ್ದು ಅವತ್ತೇ ಖಾಲಿ ಮಾಡ್ಬೇಕು. ಕೈಗೆ ಗ್ಲೌಸು, ಮುಖಕ್ಕೆ ಬಟ್ಟೆ, ಮಕ್ಕಳು ದೂರ. ಬಳ್ಳಿ ಪಕ್ಕ ಬಸಳೆ ಒಂದೆಲಗ ಏನಾದ್ರೂ ಇದ್ರೆ ಮೊದಲು ಕೊಯ್ದುಬಿಟ್ಟು ಆಮೇಲೆ ಹೊಡೀರಿ.

ಈ ಕಾಲದ ಸುಖ ಎರಡು. ಒಂದು ಹಲಸಿನ ಹಪ್ಪಳ, ಅದಕ್ಕೆ ಮನೆಮಂದಿಯೆಲ್ಲ ಹಿತ್ತಲಲ್ಲೇ ಇರ್ತಾರೆ ಹೇಗೂ, ತೊಳೆ ಬಿಡಿಸೋರು, ಒತ್ತೋರು, ಕಾಗೆ ಓಡಿಸೋಕೆ ಮಕ್ಕಳು. ಇನ್ನೊಂದು ಮೊದಲ ಮಳೆ ಆದ ಮೇಲಿನ ಸಂಜೆಗಳು, ಮಿಂಚುಹುಳ ಬರೋ ಹೊತ್ತು. ಹಿತ್ತಲಿನ ಲೈಟು, ಬೀದಿಕಡೆ ಲೈಟು ಎಲ್ಲ ಆಫ್ ಮಾಡಿ ಹದಿನೈದು ನಿಮಿಷ ಕಣ್ಣು ಹೊಂದ್ಕೊಳ್ಳೋಕೆ ಬಿಡಿ, ಆಮೇಲೆ ಮಕ್ಕಳನ್ನ ಕರೀರಿ. ಈಗ ರಾತ್ರಿಯಿಡೀ ಎಲ್‌ಇಡಿ ಉರಿಸೋ ಮನೆಗಳ ಹಿಂದೆ ಮಿಂಚುಹುಳ ಕಾಣೋದೇ ಕಮ್ಮಿ, ಬೆಳಕಲ್ಲಿ ಅವಕ್ಕೆ ಒಂದಕ್ಕೊಂದು ಜೋಡಿ ಹುಡುಕೋಕೆ ಆಗಲ್ಲ. ಈ ಎರಡು ಮೂರು ವಾರ ಆದ್ರೂ ಹಿಂದಿನ ಲೈಟ್ ಆಫ್ ಇಡಿ ಅಂತ ನಾನು ಕೈಮುಗಿದು ಕೇಳ್ಕೊಳ್ತೀನಿ.

ಮೃಗಶಿರದಿಂದ ಮಘೆ ತನಕ (ಜೂನ್ ಎರಡನೇ ವಾರದಿಂದ ಆಗಸ್ಟ್ ಕೊನೆ)

ಮುಂಚೆ ಕೆಲಸ ಮಾಡಿದ್ರೆ ಈಗ ಹೆಚ್ಚು ಕೆಲಸ ಇಲ್ಲ. ಒದ್ದೆ ಮಣ್ಣು ಅಗೀಬೇಡಿ, ತುಳೀಬೇಡಿ. ವಾರಕ್ಕೆ ಒಂದು ಸಲ ಮಳೆ ಹೊಳವಾದಾಗ ಒಂದು ಸುತ್ತು ಬಂದ್ರೆ ಸಾಕು, ಆ ಸುತ್ತಲ್ಲಿ ನೋಡೋದು ನಾಲ್ಕು.

ಕಾಲುವೆ ಕಟ್ಕೊಂಡಿದ್ಯಾ. ಚಪ್ಪರ ವಾಲಿದ್ಯಾ. ನೀರು ನಿಂತಿದ್ಯಾ: ತೆಂಗಿನ ಚಿಪ್ಪು, ಹಳೇ ಟೈರು, ಹೂವಿನ ಕುಂಡದ ತಟ್ಟೆ, ಟಾರ್ಪಾಲಿನ ಮಡಿಕೆ, ಅಡಿಕೆ ಹಾಳೆ, ಇದರಲ್ಲೆಲ್ಲ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತೆ, ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ಹತ್ತಿರ ಹತ್ತಿರ 8-10 ದಿನ, ಅದಕ್ಕೇ ವಾರಕ್ಕೊಂದು ಸಲ ತಪ್ಪದೆ ಕವುಚಿ ಹಾಕಿ ಅನ್ನೋದು. ನಾಲ್ಕನೇದು ಬಸವನಹುಳು. ಆಫ್ರಿಕಾದ ದೊಡ್ಡ ಬಸವನಹುಳು ಬಂದ ಹಿತ್ತಲಲ್ಲಿ ಒಂದು ರಾತ್ರಿಗೆ ಒಂದು ಸಾಲು ಬೆಂಡೆ ಗಿಡ ಮಾಯ ಆಗುತ್ತೆ. ಸಂಜೆ ಒದ್ದೆ ಗೋಣಿಚೀಲ ಹಾಸಿ ಕೆಳಗೆ ಪಪ್ಪಾಯಿ ಎಲೆ, ಕೋಸಿನ ಸಿಪ್ಪೆ ಇಡಿ, ಬೆಳಿಗ್ಗೆ ಬೇಗ ಚೀಲ ಎತ್ತಿದ್ರೆ ಅಲ್ಲೇ ಸೇರ್ಕೊಂಡಿರ್ತವೆ. ಗ್ಲೌಸು ಹಾಕ್ಕೊಂಡು ಆರಿಸಿ ಗಟ್ಟಿ ಉಪ್ಪು ನೀರಿನ ಬಕೆಟ್‌ಗೆ ಹಾಕಿ. ಬರಿಗೈಲಿ ಮುಟ್ಟಬಾರದು, ಮಕ್ಕಳಿಗಂತೂ ಬೇಡವೇ ಬೇಡ. ಅಂಗಡಿಲಿ ಸಿಗೋ ವಿಷದ ಗುಳಿಗೆ ನಾಯಿ ಇರೋ ಮನೆಲಿ ಹಾಕ್ಬೇಡಿ, ಅದು ನಾಯಿ ತಿಂದು ಸಾಯುತ್ತೆ. ಕೆಂಬೂತ ಹಕ್ಕಿ ನಿಮ್ಮ ಬೇಲಿಗೆ ಬರ್ತಿದ್ರೆ ಆ ಬೇಲಿ ಪೊದೆ ಕಡೀಬೇಡಿ, ಅದು ಬಸವನಹುಳು ತಿನ್ನುತ್ತೆ, ನಾವು ಆರಿಸೋ ಕೆಲಸ ಅಷ್ಟು ಕಮ್ಮಿ.

ಗಂಬೂಟು ಹಾಕ್ಕೊಂಡೇ ಹೋಗಿ. ಉಂಬಳಕ್ಕೆ (ಜಿಗಣೆಗೆ) ಸುಣ್ಣ ಹೊಗೆಸೊಪ್ಪು ಸವರ್ಕೊಂಡು ಹೋಗೋದು ನಮಗೆಲ್ಲ ಗೊತ್ತಿರೋದೇ, ಆದ್ರೆ ಗಂಬೂಟು ಉಂಬಳಕ್ಕೆ ಮಾತ್ರ ಅಲ್ಲ, ಕೆಸರು ನೀರಲ್ಲಿ ಇಲಿ ಉಚ್ಚೆ ಸೇರಿರುತ್ತೆ, ಕಾಲಲ್ಲಿ ಗಾಯ ಇದ್ರೆ ಇಲಿಜ್ವರ ಬರುತ್ತೆ. ಮೆಟ್ಟಿಲಿಗೆ, ಬಟ್ಟೆ ಒಗೆಯೋ ಕಲ್ಲಿಗೆ ಪಾಚಿ ಹಿಡಿದ್ರೆ ಬ್ಲೀಚಿಂಗ್ ಪೌಡರ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಹಿಡಿಕಡ್ಡಿ ಪೊರಕೆಲಿ ಉಜ್ಜಿ, ವಯಸ್ಸಾದವರು ಇರೋ ಮನೆಲಿ ಇದನ್ನ ಮುಂದಕ್ಕೆ ಹಾಕ್ಲೇಬೇಡಿ. ಆ ನೀರು ಗಿಡದ ಬುಡಕ್ಕೆ ಹೋಗದ ಹಾಗೆ ನೋಡ್ಕೊಳ್ಳಿ.

ಗೊಬ್ಬರದ ವಿಷಯ ಒಂದು. ಗುಂಡಿ ತೋಡಿ ಕಾಂಪೋಸ್ಟ್ ಮಾಡಿ ಅಂತ ಎಲ್ಲರೂ ಹೇಳ್ತಾರೆ, ನಮ್ಮಲ್ಲಿ ಗುಂಡಿ ಅಂದ್ರೆ ಜುಲೈಲಿ ಕೆರೆ. ನೆಲದ ಮೇಲೆ ನಾಲ್ಕು ಗೂಟ ಹೊಡೆದು ಸುತ್ತ ದಬ್ಬೆ ಕಟ್ಟಿ ಅದರೊಳಗೆ ರಾಶಿ ಹಾಕಿ, ಮೂರು ಬುಟ್ಟಿ ಒಣ ದರಕಿಗೆ ಒಂದು ಬುಟ್ಟಿ ಅಡುಗೆಮನೆ ಸಿಪ್ಪೆ ಹಸಿ ಸೊಪ್ಪು, ಮಧ್ಯ ಮಧ್ಯ ಸಗಣಿ ನೀರು, ಮೇಲೆ ಸೋಗೆ ಇಲ್ಲಾ ತಗಡು ಮುಚ್ಚಿ. ಹದಿನೈದು ದಿನಕ್ಕೊಂದು ಸಲ ಮೇಲೆ ಕೆಳಗೆ ಮಾಡಿದ್ರೆ ಮೂರು ತಿಂಗಳಿಗೆ ಹುಡಿ ಆಗುತ್ತೆ. ವಾಸನೆ ಬಂದ್ರೆ ದರಕು ಕಮ್ಮಿ ಆಗಿದೆ ಅಂತ ಅರ್ಥ.

ಮತ್ತೆ ಆಷಾಢದ ಸುಖ ಅಂದ್ರೆ ಬಾಯಿಗೆ. ಕೆಸುವಿನ ಎಲೆ, ಮರದ ಮೇಲೆ ತಾನಾಗೇ ಹುಟ್ಟೋ ಮರಕೆಸ, ಚಗತೆ ಸೊಪ್ಪು, ಬಸಳೆ, ಕಳಲೆ. ಪತ್ರೊಡೆಗೆ ಹುಣಸೆಹಣ್ಣು ಚೆನ್ನಾಗಿ ಹಾಕಿ ಚೆನ್ನಾಗಿ ಬೇಯಿಸಿ, ಇಲ್ಲಾಂದ್ರೆ ಗಂಟಲು ತುರಿಸುತ್ತೆ. ಹಿಂದಿನ ಕಟ್ಟೆ ಮೇಲೆ ಕೂತು ಮಳೆ ನೋಡ್ತಾ ಬಿಸಿ ಪತ್ರೊಡೆ ತಿನ್ನೋ ಸಂಜೆಗೆ ಟಿವಿ ಮೊಬೈಲು ಎರಡೂ ಬೇಕಾಗಲ್ಲ.

ಡೇರೆ ಬಗ್ಗೆ ಬೇರೆಯಾಗೇ ಹೇಳ್ಬೇಕು

ಸಾಗರ ಶಿರಸಿ ಕಡೆ ಹೆಂಗಸರಿಗೆ ಡೇರೆ (ಡೇಲಿಯಾ) ಹೂವಿನ ಮೇಲಿರೋ ಪ್ರೀತಿ ಎಂಥದು ಅಂತ ಹೊರಗಿನವರಿಗೆ ಹೇಳಿ ಅರ್ಥ ಮಾಡಿಸೋದು ಕಷ್ಟ. ಮೂಲದಲ್ಲಿ ಮೆಕ್ಸಿಕೋ ಗಿಡ, ಆದ್ರೆ ನಮ್ಮ ಮಳೆಗಾಲದ ತಂಪಿಗೆ ಎಷ್ಟು ಚೆನ್ನಾಗಿ ಹೊಂದ್ಕೊಂಡಿದೆ ಅಂದ್ರೆ ಗೌರಿ ಹಬ್ಬಕ್ಕೆ ಡೇರೆ ಅರಳಿಲ್ಲ ಅಂದ್ರೆ ಹಬ್ಬನೇ ಸಪ್ಪೆ. ನೆಂಟರ ಮನೆಗೆ ಹೋದಾಗ "ಅಕ್ಕಾ ಆ ಕೆಂಪು ಬಿಳಿದು ಒಂದು ಗೆಡ್ಡೆ ನಂಗೂ ಇಡೇ" ಅಂತ ಹೇಳಿ ಬರೋದು, ಮುಂದಿನ ವರ್ಷ ಅದು ನಮ್ಮ ಹಿತ್ತಲಲ್ಲಿ ಅರಳೋದು, ಹೀಗೆ ಬಣ್ಣಗಳು ಊರಿಂದ ಊರಿಗೆ ಹೋಗ್ತವೆ.

ಮಾಡೋ ಕ್ರಮ ಹೀಗೆ. ಮೇ ಕೊನೆಗೆ ಗೆಡ್ಡೆ ಹೊರಗೆ ತೆಗೀರಿ. ಗೆಡ್ಡೆ ಎಷ್ಟು ದಪ್ಪ ಇದೆ ಅನ್ನೋದು ಮುಖ್ಯ ಅಲ್ಲ, ಕುತ್ತಿಗೆ ಹತ್ರ ಹಳೇ ಕಾಂಡ ಸೇರೋ ಜಾಗದಲ್ಲಿ ಕಣ್ಣು ಇರ್ಬೇಕು, ಕಣ್ಣಿಲ್ಲದ ಗೆಡ್ಡೆ ಚಿಗುರಲ್ಲ. ಮಣ್ಣು, ಹಳೇ ಸಗಣಿ ಗೊಬ್ಬರ, ಮರಳು ಸಮ ಸಮ ಸೇರಿಸಿ ಕುಂಡಕ್ಕೋ ಪ್ಲಾಸ್ಟಿಕ್ ಕೊಟ್ಟೆಗೋ ತುಂಬಿ, ತಳದಲ್ಲಿ ತೂತು ಇದ್ಯಾ ಎರಡು ಸಲ ನೋಡಿ. ಗೆಡ್ಡೆ ಅಡ್ಡ ಮಲಗಿಸಿ ಮೂರು ಬೆರಳು ಮಣ್ಣು ಮುಚ್ಚಿ, ಮಾಡಿನ ಅಂಚಿಗೆ ಬೆಳಕು ಬರೋ ಆದ್ರೆ ಹನಿ ನೇರ ಬೀಳದ ಜಾಗದಲ್ಲಿಡಿ. ಜೋರು ಮಳೆಗೆ ಬಯಲಲ್ಲಿಟ್ರೆ ಗೆಡ್ಡೆ ಕೊಳೆಯುತ್ತೆ. ನಾಲ್ಕೈದು ಜೊತೆ ಎಲೆ ಬಂದಾಗ ತುದಿ ಚಿವುಟಿ, ಕವಲು ಒಡೆಯುತ್ತೆ, ಚಿವುಟಿದ ತುದಿನ ಒದ್ದೆ ಮರಳಲ್ಲಿ ಊರಿದ್ರೆ ಅದೂ ಬೇರು ಬಿಡುತ್ತೆ. ಕೋಲು ಈಗಲೇ ಊರಿ ಸಡಿಲವಾಗಿ ಬಾಳೆ ಪಟ್ಟೆಲಿ ಕಟ್ಟಿ, ಡೇರೆ ಕಾಂಡ ಒಳಗೆ ಟೊಳ್ಳು, ಹೂವಿನ ಭಾರಕ್ಕೇ ಮುರಿಯುತ್ತೆ. ದೊಡ್ಡ ಹೂ ಬೇಕು ಅಂದ್ರೆ ಮಧ್ಯದ ಮೊಗ್ಗು ಬಿಟ್ಟು ಅಕ್ಕಪಕ್ಕದ ಎರಡು ಸಣ್ಣ ಮೊಗ್ಗು ಚಿವುಟಬೇಕು, ಮನಸ್ಸು ಬರಲ್ಲ, ಆದ್ರೂ ಚಿವುಟಿ. ಮಳೆ ಕಮ್ಮಿ ಆದ ಹಾಗೆ ಬಿಸಿಲಿಗೆ ಸರಿಸ್ತಾ ಹೋಗಿ. ಆಗಸ್ಟಿಂದ ಅಕ್ಟೋಬರ್ ತನಕ ಹೂ. ನವೆಂಬರ್ ಆಚೆ ಎಲೆ ಹಳದಿ ಆದ ಮೇಲೆ ನೀರು ನಿಲ್ಲಿಸಿ, ಕಾಂಡ ಒಂದು ಗೇಣು ಬಿಟ್ಟು ಕತ್ತರಿಸಿ, ಗೆಡ್ಡೆನ ಒಣ ಮರಳಲ್ಲೋ ಬೂದಿಲೋ ಹುದುಗಿಸಿ ಅಟ್ಟದ ಮೇಲೆ ತಂಪು ಮೂಲೆಲಿಡಿ. ಬಣ್ಣದ ಹೆಸರು ಬರೆದು ಕಟ್ಟೋದು ಮರೀಬೇಡಿ.

ಇದೇ ಹೊತ್ತಿಗೆ ಬೇಲಿಲಿ ಗೌರಿ ಹೂವೂ ಅರಳುತ್ತೆ, ಕೆಂಪು ಹಳದಿ ಬೆಂಕಿ ನಾಲಿಗೆ ತರ. ಪೂಜೆಗೆ ಇಡಿ, ಆದ್ರೆ ಅದರ ಗೆಡ್ಡೆ ಕಡು ವಿಷ, ಮಕ್ಕಳಿಗೆ ಮೊದಲೇ ಹೇಳಿಡಿ.

ಹುಬ್ಬೆಯಿಂದ ಸ್ವಾತಿ ತನಕ (ಸೆಪ್ಟೆಂಬರ್, ಅಕ್ಟೋಬರ್)

ಕಳೆ ತೆಗೆಯೋ ಕಾಲ. ಮಣ್ಣು ಇನ್ನೂ ಮೆತ್ತಗಿರುತ್ತೆ, ಬೇರು ಸಮೇತ ಬರುತ್ತೆ, ಬೀಜ ಉದುರಿಸೋ ಮುಂಚೆ ಕಿತ್ರೆ ಮುಂದಿನ ವರ್ಷದ ಅರ್ಧ ಕೆಲಸ ಈಗಲೇ ಮುಗೀತು. ಕಿತ್ತಿದ್ದನ್ನ ಬೀಜ ಕಟ್ಟಿಲ್ಲದಿದ್ರೆ ಅಲ್ಲೇ ಬುಡಕ್ಕೆ ಹಾಕಿ. ಕಳೆನಾಶಕ ಹೊಡೀಬೇಡಿ ಅಂತ ಖಂಡಿತವಾಗಿ ಹೇಳ್ತೀನಿ, ಅದೇ ಮಣ್ಣಲ್ಲಿ ಒಂದೆಲಗ, ನೆಲನೆಲ್ಲಿ, ಹೊನಗೊನೆ ಎಲ್ಲ ಇರೋದು, ಬಾವಿನೂ ಪಕ್ಕದಲ್ಲೇ.

ಮಳೆ ತೊಳೆದುಹೋದ ಸತ್ವಕ್ಕೆ ಎರಡನೇ ಸಲ ಗೊಬ್ಬರ ಈಗ. ಜೀವಾಮೃತ ಮಾಡೋದಾದ್ರೆ ಹಿತ್ತಲಿಗೆ 20 ಲೀಟರ್ ಸಾಕು: ಸಗಣಿ 1 ಕೆಜಿ, ಗಂಜಲ 1 ಲೀಟರ್, ಬೆಲ್ಲ 200 ಗ್ರಾಂ, ಯಾವುದಾದ್ರೂ ದ್ವಿದಳ ಧಾನ್ಯದ ಹಿಟ್ಟು 200 ಗ್ರಾಂ, ಒಂದು ಹಿಡಿ ಮರದ ಬುಡದ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ತಿರುಗಿಸಿ, ಎರಡು ಮೂರು ದಿನ ಬಿಟ್ಟು ಬುಡಕ್ಕೆ ಹಾಕಿ, ಒಂದು ವಾರದೊಳಗೆ ಮುಗಿಸಿ.

ನಿಂಬೆ ಎಲೆ ಮೇಲೆ ರಂಗೋಲಿ ಹುಳು ಗೆರೆ ಎಳೆದಿದ್ರೆ ಆ ಚಿಗುರು ಚಿವುಟಿ ಬೇವಿನೆಣ್ಣೆ ಹೊಡೀರಿ, ಲೀಟರಿಗೆ 5 ಎಂಎಲ್, ಬೆರೆಯೋಕೆ ಚೂರು ಸೋಪು. ದಾಸವಾಳದ ಬಿಳಿ ಹಿಟ್ಟು ತಿಗಣೆಗೂ ಇದೇ, ಆದ್ರೆ ಮೊದಲು ಪೈಪಿನ ನೀರು ರಭಸವಾಗಿ ಹೊಡೆದು ತೊಳೀರಿ, ಅರ್ಧ ಅಲ್ಲೇ ಹೋಗುತ್ತೆ.

ಹಬ್ಬಗಳೆಲ್ಲ ಈಗಲೇ ಇರೋದು. ಸೀಗೆ ಹುಣ್ಣಿಮೆಗೆ ಭೂಮಿ ಹುಣ್ಣಿಮೆ, ದೀವರ ಸಮುದಾಯದ ಮನೆಗಳಲ್ಲಿ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆದು, ಹತ್ತಾರು ಬಗೆ ಸೊಪ್ಪು ಕಾಯಿ ಬೇಯಿಸಿ ಬಸುರಿ ಭೂಮಿಗೆ ಬಡಿಸ್ತಾರಲ್ಲ, ಗದ್ದೆ ಇಲ್ಲದ ಪೇಟೆ ಮನೆಯವರೂ ಅವತ್ತು ಹಿತ್ತಲಿನ ಸೊಪ್ಪೆಲ್ಲ ಒಂದೊಂದು ಹಿಡಿ ಕೊಯ್ದು ಹಿತ್ತಲಲ್ಲೇ ಎಲೆ ಹಾಕ್ಕೊಂಡು ಊಟ ಮಾಡಿ. ಮಕ್ಕಳ ಹತ್ರನೇ ಸೊಪ್ಪು ಕೊಯ್ಯಿಸಿ, ಹೆಸರು ಹೇಳ್ತಾ ಹೇಳ್ತಾ. ಆಮೇಲೆ ಉತ್ಥಾನ ದ್ವಾದಶಿಗೆ ತುಳಸಿ ಪಕ್ಕ ನೆಲ್ಲಿ ಟೊಂಗೆ ಬೇಕು, ಜಾಗ ಇದ್ರೆ ಒಂದು ನೆಲ್ಲಿ ಗಿಡ ಹಾಕಿಡಿ.

ಚಳಿಗಾಲ (ನವೆಂಬರಿಂದ ಜನವರಿ)

ಹಿತ್ತಲಿಗೆ ಇದೇ ಒಳ್ಳೇ ಕಾಲ. ಬದನೆ, ಟೊಮೇಟೊ, ಬೀನ್ಸು, ಮೂಲಂಗಿ, ಹರಿವೆ, ಕೊತ್ತಂಬರಿ ಎಲ್ಲ ಬರುತ್ತೆ. ಹರಿವೆ ಒಂದೇ ಸಲ ಎಲ್ಲ ಬಿತ್ತಬೇಡಿ, ಹತ್ತು ದಿನಕ್ಕೊಂದು ಚೂರು ಬಿತ್ತಿದ್ರೆ 25-30 ದಿನಕ್ಕೆ ಕೊಯ್ಲಿಗೆ ಬರ್ತಾ ಸಾಲಾಗಿ ಸಿಗ್ತಾ ಇರುತ್ತೆ. ಬದನೆ ಟೊಮೇಟೊ ಕಳೆದ ವರ್ಷ ಹಾಕಿದ ಜಾಗಕ್ಕೇ ಮತ್ತೆ ಬೇಡ, ಹಸಿರಾಗಿದ್ದ ಗಿಡ ಇದ್ದಕ್ಕಿದ್ದಂಗೆ ಸೊರಗಿ ಬಿದ್ರೆ ಅದು ಮಣ್ಣಲ್ಲಿರೋ ರೋಗ, ಕಿತ್ತು ದೂರ ಸುಟ್ಟು ಹಾಕಿ.

ದುಂಡುಮಲ್ಲಿಗೆ ನವೆಂಬರ್ ಕೊನೆ ಡಿಸೆಂಬರ್ ಮೊದಲಲ್ಲಿ ಸವರ್ಬೇಕು. ಒಂದು ವಾರ ಮುಂಚೆ ನೀರು ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿ ಬಿಟ್ಟು ಎಲ್ಲ ಸವರಿ, ಒಣ ಕಡ್ಡಿ ತೆಗೆದು ಗೊಬ್ಬರ ಕೊಟ್ಟು ನೀರು ಶುರು ಮಾಡಿ. ಧೈರ್ಯವಾಗಿ ಸವರಿದಷ್ಟೂ ಬೇಸಿಗೆಲಿ ಮೊಗ್ಗು ಜಾಸ್ತಿ.

ದರಕು ಗುಡಿಸಿ ಕೂಡಿಡೋ ಕಾಲನೂ ಇದೇ, ಇಲ್ಲಿ ಒಂದು ಎಚ್ಚರ. ನಮ್ಮ ಕಡೆ ಮಂಗನ ಕಾಯಿಲೆ ಇದೆ, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಗುರುತಿಸಿದ್ದು, ಇವತ್ತಿಗೂ ಹೋಗಿಲ್ಲ. ಉಣುಗು ಕಚ್ಚಿ ಬರೋದು, ನವೆಂಬರಿಂದ ಮೇ ತನಕ ಜಾಸ್ತಿ. ಆ ದಿನಗಳಲ್ಲಿ ಕಾಡಿಂದ ದರಕು ತಂದು ಹಿತ್ತಲಲ್ಲಿ ರಾಶಿ ಹಾಕ್ಬೇಡಿ, ನಿಮ್ಮ ಹಿತ್ತಲಿನ ಮರದ್ದೇ ಬಳಸಿ. ಕಾಡಂಚಿಗೆ ಹೋದ್ರೆ ಆರೋಗ್ಯ ಇಲಾಖೆ ಕೊಡೋ ಡೇಪಾ ಎಣ್ಣೆ ಹಚ್ಕೊಳ್ಳಿ, ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಹಿತ್ತಲ ಹತ್ರ ಮಂಗ ಸತ್ತು ಬಿದ್ದಿದ್ರೆ ಮುಟ್ಟದೆ ಆಶಾ ಕಾರ್ಯಕರ್ತೆಗೋ ಆಸ್ಪತ್ರೆಗೋ ಹೇಳಿ. ಇದರಲ್ಲಿ ಸಂಕೋಚ ಸೋಮಾರಿತನ ಎರಡೂ ಬೇಡ.

ಸಂಜೆ ಹಂಡೆ ಒಲೆ ಹತ್ರ ಕೂತು ಗೆಣಸು ಸುಡೋದು, ಗೇರುಬೀಜ ಸುಡೋದು, ಬೆಳಿಗ್ಗೆ ಎಳೆ ಬಿಸಿಲಿಗೆ ಬೆನ್ನು ಕಾಯಿಸ್ತಾ ಕಾಫಿ. ಕಲ್ಲು ಚಪ್ಪಡಿ ಹಾಕಿಸಿದ್ದು ಸಾರ್ಥಕ ಆಗೋದು ಈ ಮೂರು ತಿಂಗಳಲ್ಲಿ.

ಬೇಸಿಗೆ (ಫೆಬ್ರವರಿಯಿಂದ ಏಪ್ರಿಲ್)

ಮಣ್ಣಲ್ಲಿ ಪಸೆ ಇರುವಾಗಲೇ, ಅಂದ್ರೆ ಜನವರಿ ಕೊನೆಗೇ ಎಲ್ಲ ಗಿಡದ ಬುಡಕ್ಕೆ 3-4 ಇಂಚು ದರಕು ಮುಚ್ಚಿಗೆ ಹಾಕಿ, ಕಾಂಡಕ್ಕೆ ತಾಗದ ಹಾಗೆ ಒಂದು ಗೇಣು ಬಿಟ್ಟು. ಒಣಗಿದ ಮೇಲೆ ಹಾಕಿದ್ರೆ ಅಷ್ಟು ಪ್ರಯೋಜನ ಇಲ್ಲ. ದಿನಾ ಸ್ವಲ್ಪ ಚಿಮುಕಿಸೋ ಬದಲು ಎರಡು ಮೂರು ದಿನಕ್ಕೊಮ್ಮೆ ಬುಡ ನೆನೆಯೋ ಹಾಗೆ ಸಂಜೆ ಹೊತ್ತು ಹಾಕಿ. ನೀರು ತೀರಾ ಕಮ್ಮಿ ಅಂದ್ರೆ ಆದ್ಯತೆ ಮಾಡ್ಕೊಳ್ಳಿ: ಮೊದಲು ಹೊಸದಾಗಿ ನೆಟ್ಟ ಮರದ ಗಿಡ, ಆಮೇಲೆ ಮಲ್ಲಿಗೆ ಕರಿಬೇವು ನಿಂಬೆ, ಕೊನೆಗೆ ತರಕಾರಿ. ತರಕಾರಿ ಮುಂದಿನ ಮಳೆಗೆ ಮತ್ತೆ ಬರುತ್ತೆ, ನಾಲ್ಕು ವರ್ಷದ ನಿಂಬೆ ಗಿಡ ಬರಲ್ಲ. ಸಣ್ಣ ಗಿಡಕ್ಕೆ ಪಶ್ಚಿಮದ ಕಡೆ ಸೋಗೆ ನೆರಳು ಮಾಡಿ.

ಕಟ್ಟಿಗೆ ರಾಶಿ, ಹಂಚು ಇಟ್ಟಿಗೆ ರಾಶಿ ಮನೆ ಗೋಡೆಗೆ ತಾಗಿಸಿ ಇಡ್ಬೇಡಿ, ಇಲಿ ಸೇರುತ್ತೆ, ಇಲಿ ಹಿಂದೆ ಹಾವು. ದರಕು ರಾಶಿಗೆ ಕೈ ಹಾಕೋ ಮುಂಚೆ ಕೋಲಲ್ಲಿ ತಟ್ಟಿ, ಕೊಳಕುಮಂಡಲ ದರಕಿನ ಬಣ್ಣಕ್ಕೇ ಇರುತ್ತೆ, ಕಾಣಲ್ಲ. ಕತ್ತಲಾದ ಮೇಲೆ ಟಾರ್ಚಿಲ್ಲದೆ ಹಿತ್ತಲಿಗೆ ಇಳೀಬಾರದು. ಕಚ್ಚಿದ್ರೆ ಬಿಗಿದು ಕಟ್ಟೋದು, ಕೊಯ್ಯೋದು, ಮಂತ್ರ ಹಾಕ್ಸೋದು ಯಾವುದೂ ಬೇಡ, ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ ನೇರ ತಾಲೂಕು ಆಸ್ಪತ್ರೆಗೆ.

ಹಕ್ಕಿಗೆ ಅಗಲ ಬಾಯಿಯ ಮಣ್ಣಿನ ತಟ್ಟೆಲಿ ಎರಡು ಇಂಚು ನೀರು, ಮಧ್ಯ ಒಂದು ಕಲ್ಲು ಇಟ್ಟು ಪೊದೆಯಿಂದ ಸ್ವಲ್ಪ ದೂರ ಇಡಿ, ಬೆಕ್ಕು ಹೊಂಚು ಹಾಕದ ಹಾಗೆ. ದಿನಾ ನೀರು ಬದಲಾಯಿಸೋ ಕೆಲಸ ಮಕ್ಕಳಿಗೆ ಕೊಡಿ. ಪಿಕಳಾರ, ಮಡಿವಾಳ, ಸೂರಕ್ಕಿ ಎಲ್ಲ ಬರ್ತವೆ. ಸಂಜೆ ಮಲ್ಲಿಗೆ ಮೊಗ್ಗು ಕೊಯ್ಯೋ ಹೊತ್ತು, ಅಂಗಳಕ್ಕೆ ನೀರು ಚಿಮುಕಿಸಿ ಚಾಪೆ ಹಾಸಿದ್ರೆ ರಾತ್ರಿ ಊಟ ಅಲ್ಲೇ, ಅಪ್ಪೆಮಿಡಿ ಉಪ್ಪಿನಕಾಯಿ, ಮಜ್ಜಿಗೆ, ನೀರುಗೊಜ್ಜು ಅಷ್ಟಿದ್ರೆ ಸಾಕು.

ಸಾಮಾನು ಹೆಚ್ಚು ಬೇಡ: ಒಂದು ಕತ್ತಿ, ಒಂದು ಗುದ್ದಲಿ, ಒಂದು ಹಾರೆ, ಕಳೆ ಕೀಳೋ ಸಣ್ಣ ಕೊಕ್ಕೆ, ಸವರೋ ಕತ್ತರಿ, ಎರಡು ಬುಟ್ಟಿ, ಗಂಬೂಟು ಜೊತೆ. ಏಪ್ರಿಲ್ ಮಧ್ಯದಲ್ಲಿ ಎಲ್ಲ ತೊಳೆದು ಒಣಗಿಸಿ, ಕತ್ತಿ ಕತ್ತರಿ ಸಾಣೆ ಹಿಡಿಸಿ, ಕಬ್ಬಿಣಕ್ಕೆ ತೆಂಗಿನೆಣ್ಣೆ ಸವರಿ ಇಡಿ, ಗುದ್ದಲಿ ಕಾವು ಸಡಿಲ ಆಗಿದ್ರೆ ಈಗಲೇ ಹಾಕ್ಸಿ, ಭರಣಿ ಮಳೆ ಬಂದ ದಿನ ಊರಲ್ಲಿ ಕಾವು ಹಾಕೋರು ಕೈಗೆ ಸಿಗಲ್ಲ.